"ಮತ್ತೆ ಲಾಗಿನ್ ಆಗಿ" ಅಂತ ಯಾಕೆ ಕೇಳ್ತಾರೆ? – ಲಾಗಿನ್ ರಿಪೇರಿಯ ಕಥೆಗಳು

ನಿನ್ನೆ ರಾತ್ರಿವರೆಗೂ ಸುಮ್ಮನೆ ಒಳಗೆ ಬಿಡುತ್ತಿದ್ದ ಆ್ಯಪ್ ಇವತ್ತು ಬೆಳಿಗ್ಗೆ "ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಅನ್ನುತ್ತೆ. ನಾವು ಒಂದು ಸಲ ಬೈದುಕೊಂಡು, ಪಾಸ್‌ವರ್ಡ್ ನೆನಪಾಗದೆ ಇನ್ನೊಂದು ಸಲ ಬೈದುಕೊಂಡು, ಓಟಿಪಿ ಹಾಕಿ ಒಳಗೆ ಹೋಗ್ತೀವಿ. ಹೆಚ್ಚಿನ ಸಲ ಅದು ಬರೀ ಅವಧಿ ಮುಗಿದಿದ್ದಷ್ಟೇ. ಆದ್ರೆ ಕೆಲವು ಸಲ ಆ ಒಂದು ಸಾಲಿನ ಹಿಂದೆ ಯಾವುದೋ ತಂಡ ರಾತ್ರಿಯಿಡೀ ಕೂತು ತೆಗೆದುಕೊಂಡ ತೀರ್ಮಾನ ಇರುತ್ತೆ.

ಮಾಮೂಲಿ ಸಾಫ್ಟ್‌ವೇರ್‌ನಲ್ಲಿ ಬಗ್ ಸರಿ ಮಾಡೋದು ಅಂದ್ರೆ ಕೋಡ್ ತಿದ್ದಿ, ಟೆಸ್ಟ್ ಮಾಡಿ, ಡಿಪ್ಲಾಯ್ ಮಾಡೋದು. ಲಾಗಿನ್ ವ್ಯವಸ್ಥೆಯಲ್ಲಿ ಅಷ್ಟು ಮಾಡಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಯಾಕಂದ್ರೆ ತಪ್ಪು ಕೋಡ್ ಓಡುತ್ತಿದ್ದ ದಿನಗಳಲ್ಲಿ ಅದು ಹೊರಗೆ ಹಂಚಿದ ಟೋಕನ್‌ಗಳು, ಡೇಟಾಬೇಸ್‌ನಲ್ಲಿ ಬರೆದಿಟ್ಟ ಹ್ಯಾಶ್‌ಗಳು, ಬೇರೆ ಸರ್ವರ್‌ಗಳು ನಂಬಿ ಕೂತಿರುವ ಕೀಗಳು ಎಲ್ಲವೂ ಹಾಗೇ ಇರುತ್ತವೆ. ಕೋಡ್ ಹೊಸದಾದ ಮಾತ್ರಕ್ಕೆ ಅವು ಹೊಸದಾಗಲ್ಲ. ಈ ಲೇಖನ ಆ ಉಳಿದರ್ಧ ಕೆಲಸದ ಬಗ್ಗೆ.

ಲಾಗಿನ್ ಮಾಡಿಸೋದೇ ಒಂದು ವ್ಯಾಪಾರ

ನಮ್ಮ ಮೊದಲ ವೆಬ್ ಪ್ರಾಜೆಕ್ಟ್‌ನಲ್ಲಿ ನಾವೆಲ್ಲ ಯೂಸರ್ ಟೇಬಲ್ ಮಾಡಿ, ಅದರಲ್ಲಿ ಪಾಸ್‌ವರ್ಡ್ ಕಾಲಂ ಇಟ್ಟು ಲಾಗಿನ್ ನಾವೇ ಬರೀತೀವಿ. ಕಂಪನಿಗಳು ಈಗೀಗ ಹಾಗೆ ಮಾಡೋದು ಕಡಿಮೆ. ಗ್ರಾಹಕರ ನೋಂದಣಿ, ಪಾಸ್‌ವರ್ಡ್, ಓಟಿಪಿ, "ಗೂಗಲ್ ಮೂಲಕ ಒಳಗೆ ಬನ್ನಿ" ಅನ್ನೋ ಬಟನ್ – ಇದೆಲ್ಲವನ್ನೂ ಇನ್ನೊಂದು ಸೇವೆಗೆ ಒಪ್ಪಿಸಿಬಿಡುತ್ತವೆ. 2013ರಲ್ಲಿ ಶುರುವಾದ ಆತ್‌ಜೀರೋ ಇಂಥದ್ದು. 2021ರಲ್ಲಿ ಅದನ್ನು ಒಕ್ಟಾ ಅನ್ನೋ ಕಂಪನಿ ಕೊಂಡುಕೊಂಡಿತು. ಅಮೆಜಾನ್ ಕಾಗ್ನಿಟೋ, ಗೂಗಲ್‌ನ ಫೈರ್‌ಬೇಸ್ ಅಥೆಂಟಿಕೇಶನ್, ಓಪನ್ ಸೋರ್ಸ್‌ನಲ್ಲಿ ಕೀಕ್ಲೋಕ್ ಇದೇ ಸಾಲಿಗೆ ಸೇರಿದವು.

ಇವು ಕೆಲಸ ಮಾಡೋ ರೀತಿ ಪರೀಕ್ಷೆಯ ಹಾಲ್ ಟಿಕೆಟ್ ಥರ. ಯೂನಿವರ್ಸಿಟಿ ನಿಮ್ಮ ದಾಖಲೆ ನೋಡಿ, ಮುದ್ರೆ ಒತ್ತಿ ಹಾಲ್ ಟಿಕೆಟ್ ಕೊಡುತ್ತೆ. ಪರೀಕ್ಷೆ ದಿನ ಇನ್ವಿಜಿಲೇಟರ್ ಯೂನಿವರ್ಸಿಟಿಗೆ ಫೋನ್ ಮಾಡಿ "ಈ ಹುಡುಗ ನಿಮ್ಮವನೇನಾ?" ಅಂತ ಕೇಳಲ್ಲ. ಮುದ್ರೆ ನೋಡ್ತಾರೆ, ಹೆಸರು ನೋಡ್ತಾರೆ, ದಿನಾಂಕ ನೋಡ್ತಾರೆ, ಒಳಗೆ ಬಿಡ್ತಾರೆ. ಇಲ್ಲಿ ಯೂನಿವರ್ಸಿಟಿ ಅಂದ್ರೆ ಲಾಗಿನ್ ಸೇವೆ, ಹಾಲ್ ಟಿಕೆಟ್ ಅಂದ್ರೆ ಟೋಕನ್, ಮುದ್ರೆ ಅಂದ್ರೆ ಸಹಿ ಹಾಕುವ ಕೀ, ಇನ್ವಿಜಿಲೇಟರ್ ಅಂದ್ರೆ ನಿಮ್ಮ ಆ್ಯಪ್‌ನ ಸರ್ವರ್. ಪ್ರತಿಸಲ ಫೋನ್ ಮಾಡದೇ ಇರೋದರಿಂದಲೇ ಇದು ಇಷ್ಟು ವೇಗ. ತೊಂದರೆ ಬರೋದೂ ಅದೇ ಕಾರಣಕ್ಕೆ.

ಅನುಕೂಲ ಏನು ಅಂದ್ರೆ, ಭದ್ರತೆ ಗೊತ್ತಿರುವ ಜನ ಒಂದು ಕಡೆ ಬಗ್ ಸರಿ ಮಾಡಿದರೆ ಸಾವಿರಾರು ಆ್ಯಪ್‌ಗಳು ಒಟ್ಟಿಗೆ ಸರಿಯಾಗುತ್ತವೆ. ಅನನುಕೂಲವೂ ಅದೇ: ಅಲ್ಲಿ ಒಂದು ಸಾಲು ತಪ್ಪಾದರೆ ಸಾವಿರಾರು ಬಾಗಿಲು ಒಟ್ಟಿಗೆ ಸಡಿಲ ಆಗುತ್ತವೆ.

72 ಬೈಟ್ ಆದಮೇಲೆ ಏನಿದ್ದರೂ ಲೆಕ್ಕಕ್ಕಿಲ್ಲ

ಮೊದಲ ಕಥೆ ಒಕ್ಟಾದ್ದೇ. ಇದು ಗ್ರಾಹಕರ ಲಾಗಿನ್‌ಗಿಂತ ಕಂಪನಿ ನೌಕರರ ಲಾಗಿನ್‌ಗೆ ಸೇರಿದ್ದು. ಆದ್ರೆ ಪಾಠ ಎಲ್ಲರದ್ದೂ.

ಬಹಳಷ್ಟು ಕಂಪನಿಗಳ ನೌಕರರ ಪಾಸ್‌ವರ್ಡ್ ಅವರದ್ದೇ ಆಫೀಸಿನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಇರುತ್ತೆ. ಒಕ್ಟಾ ಅಲ್ಲಿ ಕೂತ ಒಂದು ಏಜೆಂಟ್ ಸಾಫ್ಟ್‌ವೇರ್ ಮೂಲಕ ಪಾಸ್‌ವರ್ಡ್ ಸರಿಯಿದೆಯಾ ಅಂತ ಕೇಳುತ್ತೆ. ಆ ಏಜೆಂಟ್ ಬಿದ್ದುಹೋದರೆ ಯಾರೂ ಲಾಗಿನ್ ಆಗಕ್ಕಾಗಲ್ಲ. ಅದಕ್ಕೆ ಹಿಂದಿನ ಯಶಸ್ವಿ ಲಾಗಿನ್‌ನ ಗುರುತೊಂದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಇತ್ತು. ಆ ಕ್ಯಾಶ್ ಕೀ ಮಾಡಲು ಯೂಸರ್ ಐಡಿ, ಯೂಸರ್ ನೇಮ್, ಪಾಸ್‌ವರ್ಡ್ ಮೂರನ್ನೂ ಒಂದರ ಹಿಂದೆ ಒಂದು ಜೋಡಿಸಿ ಬಿಕ್ರಿಪ್ಟ್‌ಗೆ ಕೊಡುತ್ತಿದ್ದರು.

ಬಿಕ್ರಿಪ್ಟ್ ಒಳ್ಳೆಯ ಹ್ಯಾಶ್. 1999ರಲ್ಲಿ ನೀಲ್ಸ್ ಪ್ರೋವೋಸ್ ಮತ್ತು ಡೇವಿಡ್ ಮೇಜಿಯರ್ಸ್ ಅದನ್ನು ಪ್ರಕಟಿಸಿದ್ದು, ಇವತ್ತಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆದ್ರೆ ಅದರ ಒಳಗೆ ಇರೋದು ಬ್ಲೋಫಿಶ್. ಬ್ಲೋಫಿಶ್‌ನಲ್ಲಿ ಕೀ ಬೆರೆಸುವ ಜಾಗ 18 ಪದಗಳದ್ದು, ಒಂದೊಂದು ಪದ 4 ಬೈಟ್. ಹದಿನೆಂಟು ನಾಲ್ಕಲೆ 72. ಅಷ್ಟೇ ಜಾಗ. ಅದಕ್ಕಿಂತ ಉದ್ದ ಏನಾದರೂ ಕೊಟ್ಟರೆ, ಬಹಳಷ್ಟು ಲೈಬ್ರರಿಗಳು ಎರರ್ ಕೂಡ ಕೊಡದೆ ಮಿಕ್ಕಿದ್ದನ್ನು ಬಿಟ್ಟುಬಿಡುತ್ತಿದ್ದವು.

ಈಗ ಲೆಕ್ಕ ಹಾಕಿ. ಒಕ್ಟಾದ ಯೂಸರ್ ಐಡಿ 20 ಅಕ್ಷರ. ಯೂಸರ್ ನೇಮ್ 52 ಅಕ್ಷರ ಇದ್ದರೆ ಅಲ್ಲಿಗೇ 72 ತುಂಬಿತು. ಕೊನೆಯಲ್ಲಿದ್ದ ಪಾಸ್‌ವರ್ಡ್‌ಗೆ ಜಾಗವೇ ಇಲ್ಲ! ಯಾವ ಪಾಸ್‌ವರ್ಡ್ ಹಾಕಿದರೂ ಅದೇ ಹ್ಯಾಶ್ ಬರುತ್ತೆ. ಇಂಗ್ಲಿಷ್‌ನ 52 ಅಕ್ಷರದ ಯೂಸರ್ ನೇಮ್ ಯಾರಿಗಿರುತ್ತೆ ಅಂತ ನಗಬೇಡಿ. ಯೂಸರ್ ನೇಮ್ ಅಂದ್ರೆ ಹೆಚ್ಚಾಗಿ ಇಮೇಲ್ ವಿಳಾಸ. ಊರಿನ ಹೆಸರು, ತಂದೆ ಹೆಸರು ಸೇರಿಸಿ ಹೆಸರು ಬರೆಯುವ ನಮ್ಮ ಕಡೆಯವರು ಉದ್ದ ಡೊಮೇನ್ ಇರುವ ಸಂಸ್ಥೆ ಸೇರಿದರೆ 52 ದೊಡ್ಡ ಸಂಖ್ಯೆಯೇನಲ್ಲ.

ಈ ದೋಷ ಒಳಗೆ ಬಂದಿದ್ದು 2024ರ ಜುಲೈ 23ರಂದು, ಒಂದು ಮಾಮೂಲಿ ಅಪ್‌ಡೇಟ್ ಜೊತೆ. ಕಂಪನಿಯವರೇ ಅದನ್ನು ಕಂಡುಹಿಡಿದಿದ್ದು ಅಕ್ಟೋಬರ್ 30ಕ್ಕೆ. ಮಧ್ಯೆ ಮೂರು ತಿಂಗಳು. ದುರ್ಬಳಕೆ ಆಗಬೇಕಾದರೆ ಹಲವು ಷರತ್ತು ಕೂಡಿ ಬರಬೇಕಿತ್ತು: ಹೆಸರು ಅಷ್ಟು ಉದ್ದ ಇರಬೇಕು, ಆ ವ್ಯಕ್ತಿ ಮೊದಲೊಮ್ಮೆ ಲಾಗಿನ್ ಆಗಿ ಕ್ಯಾಶ್ ಬರೆದಿರಬೇಕು, ಏಜೆಂಟ್ ಸಿಗದೆ ಕ್ಯಾಶ್ ಬಳಕೆಗೆ ಬರಬೇಕು, ಮತ್ತು ಎರಡನೇ ಹಂತದ ಪರಿಶೀಲನೆ ಇರಬಾರದು. ಒಕ್ಟಾ ಬಿಕ್ರಿಪ್ಟ್ ಬಿಟ್ಟು ಪಿಬಿಕೆಡಿಎಫ್2 ಅನ್ನೋ ಇನ್ನೊಂದು ವಿಧಾನಕ್ಕೆ ಬದಲಾಯಿಸಿತು. ಈ ಷರತ್ತಿಗೆ ಹೊಂದುವ ಗ್ರಾಹಕರಿಗೆ ಆ ಮೂರು ತಿಂಗಳ ಲಾಗ್ ತೆಗೆದು ನೋಡಿ ಅಂತ ಹೇಳಿತು. ಈ ಎರಡನೇ ಮಾತನ್ನು ಗಮನಿಸಿ. ಕೋಡ್ ಸರಿಯಾದ ಮೇಲೂ "ನಡುವೆ ಯಾರಾದರೂ ಬಂದು ಹೋಗಿದ್ದಾರಾ?" ಅನ್ನೋ ಪ್ರಶ್ನೆ ಉಳಿದೇ ಇತ್ತು.

ಕನ್ನಡ ಸಂಘದವರಾದ ನಮಗೆ ಇಲ್ಲಿ ಇನ್ನೊಂದು ವಿಷಯ ಇದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಇಲ್ಲಿ ಸಂಕೇತ ಅಂದ್ರೆ ಮೂಲಾಕ್ಷರ, ಕಾಗುಣಿತದ ಗುರುತು, ಒತ್ತಕ್ಷರ ಮಾಡುವ ಹಲಂತ್ ಎಲ್ಲವೂ ಬೇರೆ ಬೇರೆ. "ಕನ್ನಡ" ಅನ್ನೋ ಪದ ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್‌ಗೆ 5 ಸಂಕೇತ, 15 ಬೈಟ್. "ವಿಶ್ವವಿದ್ಯಾಲಯ" 13 ಸಂಕೇತ, 39 ಬೈಟ್. ಅದಾದಮೇಲೆ ಒಂದು ಸ್ಪೇಸ್ ಬಿಟ್ಟರೆ 72ರಲ್ಲಿ ಉಳಿಯೋದು 32 ಬೈಟ್: ಹತ್ತು ಸಂಕೇತ ಪೂರ್ತಿ ಹಿಡಿಯುತ್ತೆ, ಹನ್ನೊಂದನೆಯದು ನಡುವೆಯೇ ತುಂಡು. ನಾಲ್ಕೈದು ಕನ್ನಡ ಪದದ ಉದ್ದನೆಯ ಪಾಸ್‌ವರ್ಡ್ ಇಟ್ಟು ಭಾರಿ ಭದ್ರ ಅಂದುಕೊಂಡವರ ಪಾಸ್‌ವರ್ಡ್, ಇಂಥ ಸೈಟ್‌ನಲ್ಲಿ, ನಿಜಕ್ಕೂ ಒಂದೂವರೆ ಎರಡು ಪದದ್ದು ಮಾತ್ರ. ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿದವರಿಗೆ ಇದು ಯಾವತ್ತೂ ಕಣ್ಣಿಗೆ ಬೀಳಲ್ಲ.

ಹಾಗಾದ್ರೆ ಹ್ಯಾಶ್ ವಿಧಾನ ಬದಲಿಸಿಬಿಡೋಣ ಅಂದ್ರೆ, ಇಲ್ಲೇ ಬರೋದು ಉಳಿದರ್ಧ ಕೆಲಸ. ಡೇಟಾಬೇಸ್‌ನಲ್ಲಿರೋದು ಹ್ಯಾಶ್, ಪಾಸ್‌ವರ್ಡ್ ಅಲ್ಲ. ಹ್ಯಾಶ್‌ನಿಂದ ಪಾಸ್‌ವರ್ಡ್ ವಾಪಸ್ ಬರಲ್ಲ, ಹಾಗಾಗಿ ಹತ್ತು ಲಕ್ಷ ಜನರ ಹ್ಯಾಶ್‌ಗಳನ್ನು ರಾತ್ರೋರಾತ್ರಿ ಹೊಸ ವಿಧಾನಕ್ಕೆ ಬದಲಿಸೋದು ಸಾಧ್ಯವಿಲ್ಲ. ಇರುವ ದಾರಿ ಎರಡು. ಒಂದು, ಕಾಯೋದು: ಒಬ್ಬೊಬ್ಬರು ಲಾಗಿನ್ ಆದಾಗ ಪಾಸ್‌ವರ್ಡ್ ಒಂದು ಕ್ಷಣ ಕೈಗೆ ಸಿಗುತ್ತೆ, ಆಗ ಹಳೆಯ ಹ್ಯಾಶ್ ಜೊತೆ ಹೋಲಿಸಿ, ಸರಿ ಇದ್ದರೆ ಹೊಸ ವಿಧಾನದಲ್ಲಿ ಬರೆದಿಟ್ಟುಕೊಳ್ಳೋದು. ಇನ್ನೊಂದು, ಹಳೆಯ ಹ್ಯಾಶ್‌ನ ಮೇಲೇ ಹೊಸ ಹ್ಯಾಶ್ ಹಾಕೋದು. ಫೇಸ್‌ಬುಕ್ ಹಳೆಯ ಎಂಡಿ5 ಹ್ಯಾಶ್‌ಗಳ ಮೇಲೆ ಹೀಗೆ ಪದರ ಪದರವಾಗಿ ಹಾಕುತ್ತಾ ಬಂತು, ಅದಕ್ಕೆ "ಈರುಳ್ಳಿ" ಅನ್ನೋ ಹೆಸರೂ ಬಿತ್ತು. ಮೊದಲ ದಾರಿಯಲ್ಲಿ ವರ್ಷಗಟ್ಟಲೆ ಲಾಗಿನ್ ಆಗದವರ ಹಳೆಯ ಹ್ಯಾಶ್ ಹಾಗೇ ಉಳಿಯುತ್ತೆ. ಎರಡನೆಯದರಲ್ಲಿ ಹಳೆಯ ತಪ್ಪು, ಉದಾಹರಣೆಗೆ ಆ 72ರ ಕತ್ತರಿ, ಒಳಗಿನ ಪದರದಲ್ಲಿ ಹಾಗೇ ಕೂತಿರುತ್ತೆ.

ಮುದ್ರೆ ಇಲ್ಲದ ಹಾಲ್ ಟಿಕೆಟ್

ಟೋಕನ್‌ಗೆ ಈಗ ಹೆಚ್ಚು ಬಳಕೆಯಲ್ಲಿರುವ ರೂಪ ಜೆಡಬ್ಲ್ಯೂಟಿ. ಇದರಲ್ಲಿ ಮೂರು ಭಾಗ. ಮೊದಲನೆಯದು ಯಾವ ವಿಧಾನದಲ್ಲಿ ಸಹಿ ಹಾಕಿದೆ ಅಂತ ಹೇಳುತ್ತೆ, ಎರಡನೆಯದು ಯಾರು, ಎಲ್ಲಿಯವರೆಗೆ ಅನ್ನೋ ವಿವರ, ಮೂರನೆಯದು ಸಹಿ. ಮೊದಲ ಭಾಗದಲ್ಲೇ ಒಂದು ತಮಾಷೆ ಅಡಗಿದೆ. ಸಹಿ ಪರೀಕ್ಷಿಸುವ ವಿಧಾನವನ್ನು ಟೋಕನ್ನೇ ಹೇಳುತ್ತೆ. ಅಂದ್ರೆ ಹಾಲ್ ಟಿಕೆಟ್ ಮೇಲೆ "ಈ ಟಿಕೆಟ್‌ಗೆ ಮುದ್ರೆ ಬೇಡ" ಅಂತ ಬರೆದಿದ್ದರೆ ಇನ್ವಿಜಿಲೇಟರ್ ಏನು ಮಾಡಬೇಕು?

ಗುಣಮಟ್ಟದ ದಾಖಲೆಯಲ್ಲಿ "ನನ್" ಅನ್ನೋ ವಿಧಾನವೂ ಇತ್ತು, ಸಹಿ ಇಲ್ಲ ಅನ್ನೋ ಅರ್ಥದಲ್ಲಿ. 2015ರಲ್ಲಿ ಟಿಮ್ ಮೆಕ್ಲೀನ್ ತೋರಿಸಿಕೊಟ್ಟರು: ಹಲವು ಲೈಬ್ರರಿಗಳು ಆ ಮಾತನ್ನು ಹಾಗೇ ನಂಬಿ, ಸಹಿ ಇಲ್ಲದ ಟೋಕನ್‌ಗಳನ್ನು ಸರಿ ಅಂತ ಒಪ್ಪಿಕೊಳ್ಳುತ್ತಿದ್ದವು. ಇನ್ನೊಂದು ಇನ್ನೂ ಚತುರ ದಾರಿ. ಆರ್‌ಎಸ್‌ಎ ಪಬ್ಲಿಕ್ ಕೀಯಿಂದ ಪರೀಕ್ಷಿಸಬೇಕಾದ ಸರ್ವರ್‌ಗೆ "ಇದು ಎಚ್‌ಮ್ಯಾಕ್ ಸಹಿ" ಅಂತ ಹೇಳಿದರೆ, ಅದು ಎಲ್ಲರಿಗೂ ಗೊತ್ತಿರುವ ಪಬ್ಲಿಕ್ ಕೀಯನ್ನೇ ರಹಸ್ಯ ಕೀ ಅಂದುಕೊಂಡು ಪರೀಕ್ಷಿಸುತ್ತಿತ್ತು. ಆ ಕೀ ದಾಳಿಕೋರನಿಗೂ ಗೊತ್ತು, ಸಹಿ ಅವನೇ ಹಾಕಿಕೊಳ್ಳಬಹುದು. ಈ ಬರಹ ಪ್ರಕಟವಾಗಿದ್ದು ಆತ್‌ಜೀರೋದ ಬ್ಲಾಗ್‌ನಲ್ಲೇ.

ಐದು ವರ್ಷ ಕಳೆಯಿತು. 2020ರಲ್ಲಿ ಇನ್ಸೋಮ್ನಿಯಾ ಅನ್ನೋ ಭದ್ರತಾ ಸಂಸ್ಥೆ ಆತ್‌ಜೀರೋದ್ದೇ ಒಂದು ಎಪಿಐನಲ್ಲಿ ದೋಷ ಇದೆ ಅಂತ ಪ್ರಕಟಿಸಿತು. ಅಲ್ಲಿ "ನನ್" ಅನ್ನು ತಡೆಯುವ ಫಿಲ್ಟರ್ ಇತ್ತು. ಆದ್ರೆ ಅದು ಇಂಗ್ಲಿಷ್‌ನ ಸಣ್ಣಕ್ಷರ, ದೊಡ್ಡಕ್ಷರ ಬೇರೆ ಬೇರೆ ಅಂತ ನೋಡುತ್ತಿತ್ತು. ಪದದಲ್ಲಿ ಒಂದಕ್ಷರವನ್ನು ದೊಡ್ಡದು ಮಾಡಿದರೆ ಸಾಕು, ಫಿಲ್ಟರ್‌ಗೆ ಅದು ಬೇರೆ ಪದ, ಹಿಂದಿದ್ದ ಲೈಬ್ರರಿಗೆ ಅದೇ ಪದ. ಟೋಕನ್ ನಕಲು ಮಾಡೋ ದಾರಿ ತೆರೆದುಕೊಂಡಿತು. ದೋಷವನ್ನು ಜಗತ್ತಿಗೆ ತಿಳಿಸಿದ ಮನೆಯಲ್ಲೇ ಅದರ ತಮ್ಮ ಬಂದು ಕೂತಿದ್ದ!

ಇದರಲ್ಲಿ ತಿಳಿಯಬೇಕಾದ್ದು ಇಷ್ಟು: ಬಾಗಿಲಲ್ಲಿ ನಿಲ್ಲುವವನ ಕೈಯಲ್ಲಿ ಕಳ್ಳರ ಪಟ್ಟಿ ಕೊಡಬಾರದು, ನೆಂಟರ ಪಟ್ಟಿ ಕೊಡಬೇಕು. "ಇದೊಂದು ಬೇಡ" ಅಂದರೆ ಅದೇ ಮೀಸೆ ತಿರುವಿಕೊಂಡು ಮತ್ತೆ ಬರುತ್ತೆ. "ಈ ಒಂದು ವಿಧಾನ ಮಾತ್ರ ಒಪ್ಪುತ್ತೇನೆ, ಬೇರೆ ಏನಿದ್ದರೂ ಆಚೆ" ಅಂದರೆ ಕಥೆ ಮುಗೀತು.

ಸಹಿ ಸರಿಯಿದ್ದರೂ ಸಾಲದು ಅನ್ನೋದಕ್ಕೆ ಅದೇ ವರ್ಷದ ಇನ್ನೊಂದು ಘಟನೆ. ಭಾರತದ ಭಾವುಕ್ ಜೈನ್ ಅನ್ನೋ ಸಂಶೋಧಕ "ಸೈನ್ ಇನ್ ವಿತ್ ಆ್ಯಪಲ್"ನಲ್ಲಿ ಬೇರೆ ಯಾರದ್ದೇ ಇಮೇಲ್ ಕೊಟ್ಟು ಕೇಳಿದರೂ ಆ್ಯಪಲ್ ಸರ್ವರ್ ಆ ಹೆಸರಿಗೆ ಸಹಿ ಹಾಕಿದ ಟೋಕನ್ ಕೊಡುತ್ತದೆ ಅಂತ ಕಂಡುಹಿಡಿದರು. ಮುದ್ರೆ ಅಸಲಿ, ಹೆಸರು ಮಾತ್ರ ಪಕ್ಕದವನದ್ದು. ಆ್ಯಪಲ್ ಅದನ್ನು ಸರಿ ಮಾಡಿ ಅವರಿಗೆ 1 ಲಕ್ಷ ಡಾಲರ್ ಬಹುಮಾನ ಕೊಟ್ಟಿತು.

ಒಂಬತ್ತು ಕೋಟಿ ಜನರನ್ನು ಆಚೆ ಕಳಿಸಿದ ದಿನ

2018ರ ಸೆಪ್ಟೆಂಬರ್ 28ರಂದು ಸುಮಾರು 9 ಕೋಟಿ ಜನ ಫೇಸ್‌ಬುಕ್ ತೆಗೆದಾಗ ಲಾಗ್‌ಔಟ್ ಆಗಿದ್ದರು. ಲೇಖನದ ಮೊದಲಲ್ಲಿ ಹೇಳಿದ ಸಂದೇಶದ ಒಂದು ದೊಡ್ಡ ಉದಾಹರಣೆ ಇದು.

ನನ್ನ ಪ್ರೊಫೈಲ್ ಬೇರೆಯವರಿಗೆ ಹೇಗೆ ಕಾಣುತ್ತೆ ಅಂತ ನೋಡಲು ಫೇಸ್‌ಬುಕ್‌ನಲ್ಲಿ ಒಂದು ಸೌಲಭ್ಯ ಇತ್ತು. ಅದು ನೋಡೋಕೆ ಮಾತ್ರ. ಆದ್ರೆ ಹುಟ್ಟುಹಬ್ಬದ ಶುಭಾಶಯ ಬರೆಯುವ ಪೆಟ್ಟಿಗೆಯಲ್ಲಿ ವಿಡಿಯೋ ಹಾಕುವ ಬಟನ್ ತಪ್ಪಾಗಿ ಉಳಿದುಕೊಂಡಿತ್ತು. 2017ರ ಜುಲೈನಲ್ಲಿ ಬಂದ ಹೊಸ ವಿಡಿಯೋ ಅಪ್‌ಲೋಡರ್ ತಪ್ಪಾಗಿ ಒಂದು ಆ್ಯಕ್ಸೆಸ್ ಟೋಕನ್ ತಯಾರಿಸುತ್ತಿತ್ತು. ಮೂರನೆಯ ತಪ್ಪು: ಆ ಟೋಕನ್ ನೋಡುತ್ತಿದ್ದವನ ಹೆಸರಿಗೆ ಬರದೆ, ಯಾರ ಕಣ್ಣಿನಿಂದ ನೋಡುತ್ತಿದ್ದಾನೋ ಅವರ ಹೆಸರಿಗೆ ಬರುತ್ತಿತ್ತು. ಬಿಡಿಬಿಡಿಯಾಗಿ ಮೂರೂ ಸಣ್ಣವು. ಸೇರಿದಾಗ ಒಬ್ಬರ ಖಾತೆಯಿಂದ ಸ್ನೇಹಿತರ ಖಾತೆಗೆ, ಅಲ್ಲಿಂದ ಅವರ ಸ್ನೇಹಿತರ ಖಾತೆಗೆ ಸರಪಳಿಯಂತೆ ಹೋಗುವ ದಾರಿ.

ಕೋಡ್ ಸರಿ ಮಾಡೋದು ಎಷ್ಟು ಹೊತ್ತು? ಆದ್ರೆ ಕಳುವಾದ ಟೋಕನ್‌ಗಳು ಕಳ್ಳರ ಕೈಯಲ್ಲೇ ಇದ್ದವು. ಪಾಸ್‌ವರ್ಡ್ ಬದಲಿಸಿ ಅಂತ ಜನರಿಗೆ ಹೇಳಿ ಉಪಯೋಗವಿಲ್ಲ, ಕಳುವಾಗಿದ್ದು ಪಾಸ್‌ವರ್ಡ್ ಅಲ್ಲ. ಅದಕ್ಕೆ ತೊಂದರೆಗೆ ಒಳಗಾದ ಸುಮಾರು 5 ಕೋಟಿ ಖಾತೆಗಳ ಟೋಕನ್, ಜೊತೆಗೆ ಅನುಮಾನಕ್ಕೆ ಇನ್ನೂ 4 ಕೋಟಿ ಖಾತೆಗಳದ್ದು, ಎಲ್ಲವನ್ನೂ ರದ್ದು ಮಾಡಿದರು. ಆಮೇಲೆ ತನಿಖೆಯಲ್ಲಿ ನಿಜಕ್ಕೂ ಟೋಕನ್ ಕಳುವಾದ ಖಾತೆಗಳು ಸುಮಾರು 3 ಕೋಟಿ ಅಂತ ಗೊತ್ತಾಯಿತು. ಅಂದ್ರೆ 6 ಕೋಟಿ ಜನರಿಗೆ ಸುಮ್ಮನೆ ಕಿರಿಕಿರಿ. ಆದರೂ ಆ ದಿನದ ತೀರ್ಮಾನ ಸರಿಯೇ. ಯಾರದ್ದು ಹೋಗಿದೆ ಅಂತ ಗೊತ್ತಾಗುವವರೆಗೆ ಕಾಯುತ್ತಾ ಕೂತರೆ, ಹೋದವರ ಮನೆ ಅಷ್ಟೂ ದಿನ ತೆರೆದೇ ಇರುತ್ತೆ.

ಹಾಗೆ ರದ್ದು ಮಾಡಲು ಸಾಧ್ಯವಾಗಿದ್ದು ಕೊಟ್ಟ ಟೋಕನ್‌ಗಳ ಲೆಕ್ಕ ಸರ್ವರ್ ಬಳಿ ಇದ್ದಿದ್ದರಿಂದ. ನಮ್ಮ ಹಾಲ್ ಟಿಕೆಟ್ ಮಾದರಿಯ ಜೆಡಬ್ಲ್ಯೂಟಿಯಲ್ಲಿ ಅದು ಅಷ್ಟು ಸುಲಭ ಅಲ್ಲ. ಇನ್ವಿಜಿಲೇಟರ್ ಫೋನ್ ಮಾಡಲ್ಲ ಅಂದಮೇಲೆ ಟಿಕೆಟ್ ರದ್ದಾಗಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಂಡುಕೊಂಡ ದಾರಿ ಎರಡು ಟೋಕನ್. ಆ್ಯಕ್ಸೆಸ್ ಟೋಕನ್ ಐದು-ಹದಿನೈದು ನಿಮಿಷ ಬದುಕುತ್ತೆ. ಮುಗಿದಾಗ ರಿಫ್ರೆಶ್ ಟೋಕನ್ ತೋರಿಸಿ ಹೊಸದು ತಗೋಬೇಕು. ರದ್ದು ಮಾಡೋದಿದ್ದರೆ ರಿಫ್ರೆಶ್ ಟೋಕನ್ ರದ್ದು ಮಾಡಿದರೆ ಸಾಕು.

ರಿಫ್ರೆಶ್ ಟೋಕನ್ನೇ ಕಳುವಾದರೆ? ಅದಕ್ಕೂ ಉಪಾಯ ಇದೆ: ಪ್ರತಿಸಲ ಬಳಸಿದಾಗ ಹಳೆಯದನ್ನು ಸಾಯಿಸಿ ಹೊಸದು ಕೊಡೋದು. ಸತ್ತ ಟೋಕನ್ ಯಾರಾದರೂ ಮತ್ತೆ ತಂದರೆ ಕಳ್ಳ ಮತ್ತು ಮಾಲೀಕ ಇಬ್ಬರ ಕೈಯಲ್ಲೂ ಅದು ಇದೆ ಅಂತ ಅರ್ಥ, ಆಗ ಇಡೀ ವಂಶವನ್ನೇ ರದ್ದು ಮಾಡೋದು. ಕೇಳೋಕೆ ಚೆನ್ನಾಗಿದೆ. ಆದ್ರೆ ಘಾಟಿಯಲ್ಲಿ ಹೋಗೋ ಬಸ್ಸಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಫೋನ್ ಹಳೆಯ ಟೋಕನ್ ಕಳಿಸಿತು, ಸರ್ವರ್ ಹೊಸದು ಕೊಟ್ಟಿತು, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಹೊಸದು ಕೈಗೆ ಬರಲೇ ಇಲ್ಲ. ಫೋನ್ ಮತ್ತೆ ಹಳೆಯದನ್ನೇ ಕಳಿಸುತ್ತೆ. ಸರ್ವರ್ ಕಣ್ಣಿಗೆ ನೀವೇ ಕಳ್ಳ! ಅದಕ್ಕೆ ಲಾಗಿನ್ ಸೇವೆಗಳು ಕೆಲವು ಸೆಕೆಂಡುಗಳ ರಿಯಾಯಿತಿ ಇಡುತ್ತವೆ. ಆ ರಿಯಾಯಿತಿ ಉದ್ದ ಆದಷ್ಟೂ ಕಳ್ಳನಿಗೆ ಅನುಕೂಲ, ಗಿಡ್ಡ ಆದಷ್ಟೂ ಬಸ್ಸಲ್ಲಿರೋ ನಿಮಗೆ ತೊಂದರೆ. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಬ್ಯಾಂಕ್ ಆ್ಯಪ್‌ಗೆ ಒಂದು ಅಳತೆ, ಹಾಡು ಕೇಳೋ ಆ್ಯಪ್‌ಗೆ ಇನ್ನೊಂದು.

ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ವಿಷ

ಕೆಲವು ಸಲ ಲಾಗಿನ್ ಸೇವೆಯ ತಪ್ಪೇನೂ ಇರಲ್ಲ, ಆದ್ರೂ ರಿಪೇರಿ ಮಾಡಲೇಬೇಕು. 2020ರ ಫೆಬ್ರವರಿಯಲ್ಲಿ ಕ್ರೋಮ್ 80 ಬಂದಾಗ ಒಂದು ನಿಯಮ ಬದಲಾಯಿತು: ಕುಕಿ ಬೇರೆ ಸೈಟ್‌ಗಳ ನಡುವೆ ಓಡಾಡಬೇಕಿದ್ದರೆ ಅದರ ಮೇಲೆ ಸೇಮ್‌ಸೈಟ್ ಅನ್ನೋ ಗುರುತಿಗೆ "ನನ್" ಅಂತ ಸ್ಪಷ್ಟವಾಗಿ ಬರೆದಿರಬೇಕು, ಇಲ್ಲದಿದ್ದರೆ ಬ್ರೌಸರ್ ಕಳಿಸಲ್ಲ. ಬೇರೆ ಸೈಟ್‌ನ ಹೆಸರಲ್ಲಿ ನಡೆಯುವ ಮೋಸದ ವಿನಂತಿಗಳನ್ನು ತಡೆಯಲು ಇದು ಒಳ್ಳೆಯದೇ. ಆದ್ರೆ ಲಾಗಿನ್ ಸೇವೆ ಇರೋದೇ ಬೇರೆ ಡೊಮೇನ್‌ನಲ್ಲಿ, ಅದರ ಕುಕಿ ಓಡಾಡಲೇಬೇಕು.

ಗುರುತು ಬರೆದುಬಿಟ್ಟರಾಯಿತು ಅಂದ್ರೆ, ಐಒಎಸ್ 12ರ ಸಫಾರಿಗೆ "ನನ್" ಅನ್ನೋ ಮೌಲ್ಯ ಅರ್ಥವಾಗುತ್ತಿರಲಿಲ್ಲ. ಅದು ಅದನ್ನು ಅತಿ ಕಟ್ಟುನಿಟ್ಟಿನ ನಿಯಮ ಅಂದುಕೊಂಡು ಕುಕಿಯನ್ನೇ ತಡೆಯುತ್ತಿತ್ತು. ಬರೆದರೆ ಹಳೆಯ ಐಫೋನ್‌ನವರು ಆಚೆ, ಬರೆಯದಿದ್ದರೆ ಹೊಸ ಕ್ರೋಮ್‌ನವರು ಆಚೆ. ಆತ್‌ಜೀರೋ ಕಂಡುಕೊಂಡ ಉಪಾಯ ಸರಳ: ಒಂದೇ ಕುಕಿಯನ್ನು ಎರಡು ಹೆಸರಲ್ಲಿ ಕಳಿಸು, ಒಂದರಲ್ಲಿ ಗುರುತು ಇರಲಿ, ಇನ್ನೊಂದರಲ್ಲಿ ಇಲ್ಲದಿರಲಿ. ಯಾವುದು ವಾಪಸ್ ಬಂದರೂ ಸರಿ.

ಇದಾದ ಎರಡೇ ತಿಂಗಳಲ್ಲಿ ಕೋವಿಡ್. ಲಾಕ್‌ಡೌನ್‌ನಲ್ಲಿ ಜನ ಬ್ಯಾಂಕು, ದಿನಸಿ, ಆಸ್ಪತ್ರೆ ಅಂತ ಎಲ್ಲಕ್ಕೂ ವೆಬ್‌ಸೈಟ್ ನಂಬಿ ಕೂತಿದ್ದಾಗ ಲಾಗಿನ್ ಮುರಿಯಬಾರದು ಅಂತ ಏಪ್ರಿಲ್‌ನಲ್ಲಿ ಗೂಗಲ್ ಈ ಬದಲಾವಣೆಯನ್ನು ತಾತ್ಕಾಲಿಕವಾಗಿ ಹಿಂದಕ್ಕೆ ತಗೊಂಡಿತು. ಜುಲೈನಲ್ಲಿ ಮತ್ತೆ ಶುರು ಮಾಡಿತು. ಭದ್ರತೆಯ ಸುಧಾರಣೆಯನ್ನೇ ಮೂರು ತಿಂಗಳು ಮುಂದೂಡಿದರು, ಯಾಕಂದ್ರೆ ಆ ಹೊತ್ತಿನಲ್ಲಿ ಜನ ಒಳಗೆ ಬರೋದು ಅದಕ್ಕಿಂತ ಮುಖ್ಯವಾಗಿತ್ತು.

ಮುದ್ರೆ ಬದಲಿಸಲು ಹೆದರಿದರೆ

ಕೊನೆಯ ಕಥೆ ಮುದ್ರೆಯದ್ದೇ. ಸಹಿ ಹಾಕುವ ಕೀಯನ್ನು ಆಗಾಗ ಬದಲಿಸಬೇಕು, ಎಷ್ಟು ಹಳೆಯದೋ ಅಷ್ಟು ಅಪಾಯ. ಬದಲಿಸೋ ಕ್ರಮ ಹೀಗೆ. ಮೊದಲು ಹೊಸ ಪಬ್ಲಿಕ್ ಕೀಯನ್ನು ಪಟ್ಟಿಯಲ್ಲಿ ಪ್ರಕಟಿಸಿ, ಆದ್ರೆ ಅದರಿಂದ ಸಹಿ ಹಾಕಬೇಡಿ. ಎಲ್ಲ ಆ್ಯಪ್‌ಗಳ ಕ್ಯಾಶ್‌ಗೂ ಅದು ತಲುಪುವವರೆಗೆ ಕಾಯಿರಿ. ಆಮೇಲೆ ಹೊಸದರಿಂದ ಸಹಿ ಶುರು ಮಾಡಿ. ಹಳೆಯದರಿಂದ ಸಹಿ ಹಾಕಿದ ಕೊನೆಯ ಟೋಕನ್ ಅವಧಿ ಮುಗಿದ ಮೇಲೆ ಹಳೆಯ ಕೀ ತೆಗೆಯಿರಿ. ಒಂದು ಹೆಜ್ಜೆ ಮುಂಚೆ ಇಟ್ಟರೆ ಎಲ್ಲರ ಲಾಗಿನ್ ಮುರಿಯುತ್ತೆ. 2021ರ ಮಾರ್ಚ್ 15ರಂದು ಮೈಕ್ರೋಸಾಫ್ಟ್‌ನ ಆಜೂರ್ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಹಾಗೇ ಆಯಿತು. ಇನ್ನೂ ಉಳಿಸಿಕೊಳ್ಳಬೇಕು ಅಂತ ಗುರುತು ಹಾಕಿದ್ದ ಕೀಯೊಂದನ್ನು ಆಟೊಮೇಶನ್ ತೆಗೆದುಹಾಕಿತು, ಟೀಮ್ಸ್ ಸೇರಿ ಹಲವು ಸೇವೆಗಳ ಲಾಗಿನ್ ಬಿದ್ದುಹೋಯಿತು.

ಮೈಕ್ರೋಸಾಫ್ಟ್‌ನ ಸಾಮಾನ್ಯ ಗ್ರಾಹಕರ ಖಾತೆಗಳಿಗೆ ಬೇರೆಯೇ ಕೀಗಳಿದ್ದವು, ಅವನ್ನು ಕೈಯಿಂದ ಬದಲಿಸುತ್ತಿದ್ದರು. ಅಲ್ಲೂ ಆ ಕೆಲಸದ ವೇಳೆ ದೊಡ್ಡ ಔಟೇಜ್ ಆಗಿ, 2021ರಲ್ಲಿ ಕೀ ಬದಲಿಸೋದನ್ನೇ ನಿಲ್ಲಿಸಿಬಿಟ್ಟರು. ಆ ವರ್ಷ ನಿವೃತ್ತಿ ಆಗಬೇಕಿದ್ದ 2016ರ ಒಂದು ಕೀ ಹಾಗೇ ನಂಬಿಕೆಯಲ್ಲಿ ಉಳಿಯಿತು. 2023ರಲ್ಲಿ ಸ್ಟಾರ್ಮ್-0558 ಅಂತ ಮೈಕ್ರೋಸಾಫ್ಟ್ ಹೆಸರಿಟ್ಟ, ಚೀನಾ ಮೂಲದ್ದು ಅಂತ ಹೇಳಿದ ಗುಂಪು ಅದೇ ಕೀಯಿಂದ ನಕಲಿ ಟೋಕನ್ ಮಾಡಿತು. ಅದು ಸಾಮಾನ್ಯ ಗ್ರಾಹಕರ ಕೀ. ಆದ್ರೆ ಇಮೇಲ್ ಸರ್ವರ್ ಸಹಿ ಸರಿಯಿದೆಯಾ ಅಂತ ನೋಡಿತೇ ಹೊರತು, ಈ ಮುದ್ರೆಗೆ ಸಂಸ್ಥೆಗಳ ಮೇಲ್ ತೆರೆಯುವ ಅಧಿಕಾರ ಇದೆಯಾ ಅಂತ ನೋಡಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯಿಂದಲೇ ಸುಮಾರು 60,000 ಇಮೇಲ್ ಹೋದವು. ಮೊದಲು ಕಂಡುಹಿಡಿದಿದ್ದು ಮೈಕ್ರೋಸಾಫ್ಟ್ ಅಲ್ಲ, ತಮ್ಮ ಲಾಗ್‌ಗಳನ್ನು ನೋಡುತ್ತಿದ್ದ ಆ ಇಲಾಖೆಯವರೇ. ಇದನ್ನೆಲ್ಲ ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2024ರ ಏಪ್ರಿಲ್‌ನಲ್ಲಿ ಹೊರಬಂದ ವರದಿಯಲ್ಲಿ ಬರೆದಿದೆ.

ರಿಪೇರಿ ಮಾಡಲು ಹೋಗಿ ಒಮ್ಮೆ ಮುರಿದಿದ್ದಕ್ಕೆ ರಿಪೇರಿಯನ್ನೇ ಬಿಟ್ಟರು. ಔಟೇಜ್ ಆದರೆ ಅವತ್ತೇ ಎಲ್ಲರೂ ಬೈತಾರೆ. ಹಳೆಯ ಕೀ ಉಳಿದರೆ ಯಾರೂ ಬೈಯಲ್ಲ, ಎರಡು ವರ್ಷದವರೆಗೆ.

ನಮ್ಮ ಪ್ರಾಜೆಕ್ಟ್‌ಗೆ ಇದರಿಂದ ಏನು?

ಫೆಸ್ಟ್ ನೋಂದಣಿ ಸೈಟ್ ಆದರೂ ಸರಿ, ಫೈನಲ್ ಇಯರ್ ಪ್ರಾಜೆಕ್ಟ್ ಆದರೂ ಸರಿ, ಅದರಲ್ಲಿ ನಿಜವಾದ ಜನರ ನಿಜವಾದ ಫೋನ್ ನಂಬರ್ ಇರುತ್ತೆ. ಲಾಗಿನ್ ಬರೆಯುವಾಗ ಇಷ್ಟನ್ನು ನೋಡಿಕೊಳ್ಳಿ:

• ಹ್ಯಾಶ್ ಪಕ್ಕದಲ್ಲೇ ಅದು ಯಾವ ವಿಧಾನದ್ದು, ಯಾವ ಆವೃತ್ತಿ ಅಂತ ಬರೆದಿಡಿ. ನಾಳೆ ಬದಲಿಸುವಾಗ ಹಳೆಯದು ಯಾವುದು ಅಂತ ಗೊತ್ತಾಗಬೇಕು.
• ಬಿಕ್ರಿಪ್ಟ್ ಬಳಸೋದಾದರೆ 72 ಬೈಟ್ ಮೀರಿದ ಪಾಸ್‌ವರ್ಡ್ ಕೊಟ್ಟು ಟೆಸ್ಟ್ ಮಾಡಿ. ಗೋ ಭಾಷೆಯ ಲೈಬ್ರರಿ ಈಗ ಅಂಥದ್ದಕ್ಕೆ ಎರರ್ ಕೊಡುತ್ತೆ, ನಿಮ್ಮದು ಕೊಡುತ್ತಾ ನೋಡಿ. ಹೊಸದಾಗಿ ಶುರು ಮಾಡೋದಾದರೆ ಆರ್ಗಾನ್2ಐಡಿ ಬಳಸಿ.
• ಒಂದು ಟೆಸ್ಟ್ ಕನ್ನಡದ ಪಾಸ್‌ವರ್ಡ್‌ನಿಂದಲೂ ಆಗಲಿ. ಅಕ್ಷರ ಎಣಿಸಬೇಡಿ, ಬೈಟ್ ಎಣಿಸಿ.
• ಟೋಕನ್ ಪರೀಕ್ಷಿಸುವಾಗ ಒಪ್ಪುವ ವಿಧಾನ ಒಂದನ್ನು ಕೋಡ್‌ನಲ್ಲೇ ಬರೆಯಿರಿ. ಯಾರು ಕೊಟ್ಟಿದ್ದು, ಯಾರಿಗೆ ಕೊಟ್ಟಿದ್ದು, ಅವಧಿ ಮುಗಿದಿದೆಯಾ – ಮೂರನ್ನೂ ನೋಡಿ. ಲೈಬ್ರರಿ ನೋಡಿಕೊಳ್ಳುತ್ತೆ ಅಂತ ಊಹಿಸಬೇಡಿ.
• "ಎಲ್ಲರನ್ನೂ ಈಗಲೇ ಲಾಗ್‌ಔಟ್ ಮಾಡು" ಅನ್ನೋ ಒಂದು ಬಟನ್ ಮೊದಲ ದಿನವೇ ಮಾಡಿಡಿ. ಬೇಕಾದ ದಿನ ಅದನ್ನು ಬರೆಯಲು ಪುರುಸೊತ್ತು ಇರಲ್ಲ.
• ಕೀ ಬದಲಿಸೋದನ್ನು ಪ್ರಾಜೆಕ್ಟ್ ಮುಗಿಯೋದರೊಳಗೆ ಒಂದು ಸಲವಾದರೂ ಮಾಡಿ ನೋಡಿ. ಬಳಕೆದಾರರು ನಲವತ್ತು ಜನ ಇದ್ದಾಗ ಕಲಿತರೆ ನಲವತ್ತು ಲಕ್ಷ ಇದ್ದಾಗ ಕೈ ನಡುಗಲ್ಲ.

ಕ್ಯಾಂಪಸ್ ಇಂಟರ್‌ವ್ಯೂನಲ್ಲಿ "ಲಾಗಿನ್ ಹೇಗೆ ಡಿಸೈನ್ ಮಾಡ್ತೀರಿ?" ಅಂತ ಕೇಳಿದರೆ ಹೆಚ್ಚಿನವರು ಟೋಕನ್ ಹೇಗೆ ಕೊಡೋದು ಅಂತ ಹೇಳಿ ನಿಲ್ಲಿಸ್ತಾರೆ. ನೀವು ಇನ್ನೊಂದು ಹೆಜ್ಜೆ ಹೋಗಿ, ಕೊಟ್ಟಿದ್ದನ್ನು ವಾಪಸ್ ಹೇಗೆ ತಗೊಳ್ಳೋದು ಅಂತ ಹೇಳಿ. ಮುಂದಿನ ಸಲ ಯಾವುದಾದರೂ ಆ್ಯಪ್ ಕಾರಣ ಹೇಳದೆ "ಮತ್ತೆ ಲಾಗಿನ್ ಆಗಿ" ಅಂದರೆ, ಬೈಯೋ ಮುಂಚೆ ಆ ಕಂಪನಿ ಏನಾದರೂ ಪ್ರಕಟಣೆ ಹೊರಡಿಸಿದೆಯಾ ಅಂತ ಒಮ್ಮೆ ನೋಡಿ. ಓದಲು ಒಳ್ಳೆ ಕಥೆ ಸಿಕ್ಕರೂ ಸಿಗಬಹುದು.